ನೂರಿಪ್ಪತ್ತು ದಿನಗಳ ಗಡಿ: ಫಿಲಿಪ್ಪೀನ್ಸ್ ನಾವಿಕರ ಅಸಾಮರ್ಥ್ಯ ಪರಿಹಾರದ ಚರಿತ್ರೆ

ಹಡಗಿನಲ್ಲಿ ಬಿದ್ದು ಕಾಲು ಮುರಿದುಕೊಂಡ ನಾವಿಕನ ಹಾನಿ ಎಲ್ಲರಿಗೂ ಕಾಣುವಂಥದು. ಹೃದ್ರೋಗ, ಮೂತ್ರಪಿಂಡದ ಬಾಧೆ, ಬೆನ್ನೆಲುಬಿನ ಸವೆತಗಳ ವಿಷಯ ಹಾಗಲ್ಲ. ರೋಗವು ದುಡಿಮೆಯಿಂದ ಬಂದಿತೆ, ಗುಣವಾಗಬಲ್ಲುದೆ, ಗುಣವಾಗದೆಂದು ಹೇಳುವ ಅಧಿಕಾರ ಯಾರದು ಎಂಬ ಪ್ರಶ್ನೆಗಳು ಅಲ್ಲಿ ಏಳುತ್ತವೆ. ವಿದೇಶೀ ಹಡಗುಗಳಿಗೆ ಸಿಬ್ಬಂದಿಯನ್ನು ಒದಗಿಸುವಲ್ಲಿ ಮುಂಚೂಣಿಯಲ್ಲಿರುವ ಫಿಲಿಪ್ಪೀನ್ಸ್‌ನಲ್ಲಿ ಈ ಕೊನೆಯ ಪ್ರಶ್ನೆಯೇ ಪರಿಹಾರ ಕಾನೂನಿನ ಚರಿತ್ರೆಯನ್ನು ರೂಪಿಸಿದೆ.

ಅಲ್ಲಿನ ನಾವಿಕನು ಖಾಯಂ ನೌಕರನಲ್ಲ. ಗೊತ್ತಾದ ಅವಧಿಯ ಕರಾರಿಗೆ ಒಳಪಟ್ಟವನು. ಕರಾರಿನ ಮಾದರಿಯನ್ನು ಸರ್ಕಾರವೇ ಗೊತ್ತುಪಡಿಸುತ್ತದೆ. 1982ರಲ್ಲಿ ಸ್ಥಾಪಿತವಾದ ಸಾಗರೋತ್ತರ ಉದ್ಯೋಗ ಆಡಳಿತವು ಈ ಹೊಣೆಯನ್ನು ಹೊತ್ತಿತ್ತು. 1996ರ ಮಾದರಿಯಂತೆ ಕರಾರಿನ ಅವಧಿಯಲ್ಲಿ ರೋಗ ಕಾಣಿಸಿಕೊಂಡರೆ ಸಾಕಾಗಿತ್ತು. 2000ದ ಮಾದರಿಯು ರೋಗಕ್ಕೂ ಕೆಲಸಕ್ಕೂ ಸಂಬಂಧವಿರಬೇಕೆಂದು ವಿಧಿಸಿತು. ಪಟ್ಟಿಯಲ್ಲಿಲ್ಲದ ರೋಗಗಳನ್ನು ಕೆಲಸದಿಂದ ಬಂದವೆಂದೇ ಮೊದಲಿಗೆ ಭಾವಿಸಬೇಕು, ಮಾಲೀಕನು ಅದನ್ನು ಅಲ್ಲಗಳೆಯಬಹುದು ಎಂದೂ ಸೇರಿಸಿತು. ಊರಿಗೆ ಮರಳಿದ ರೋಗಿಯು ಮೂರು ಕೆಲಸದ ದಿನಗಳೊಳಗೆ ಕಂಪನಿ ನೇಮಿಸಿದ ವೈದ್ಯನ ಮುಂದೆ ಹಾಜರಾಗಬೇಕು. ಆ ವೈದ್ಯನು ಅಸಾಮರ್ಥ್ಯವನ್ನು ಹದಿನಾಲ್ಕು ದರ್ಜೆಗಳಲ್ಲೊಂದಕ್ಕೆ ಸೇರಿಸುತ್ತಾನೆ. ಮೊದಲನೆಯ ದರ್ಜೆಗೆ 60,000 ಡಾಲರು. ಕೊನೆಯದಕ್ಕೆ 1,870 ಡಾಲರು. ಹಣ ಕೊಡಬೇಕಾದವನೇ ವೈದ್ಯನನ್ನು ನೇಮಿಸುವ ಈ ಏರ್ಪಾಡಿನಲ್ಲಿ ವೈದ್ಯನ ಒಂದು ಸಹಿಗೆ ಎಷ್ಟು ಬೆಲೆಯಿತ್ತೆಂಬುದನ್ನು ಈ ಅಂತರದಿಂದಲೇ ಊಹಿಸಬಹುದು.

ಈ ಸಹಿಯ ಬಲವನ್ನು ತಗ್ಗಿಸಿದ್ದು 1974ರ ಕಾರ್ಮಿಕ ಸಂಹಿತೆಯ ಒಂದು ವಾಕ್ಯ. ತಾತ್ಕಾಲಿಕವಾದ ಪೂರ್ಣ ಅಸಾಮರ್ಥ್ಯವು ಎಡೆಬಿಡದೆ 120 ದಿನಗಳನ್ನು ಮೀರಿದರೆ ಅದನ್ನು ಶಾಶ್ವತವೆಂದು ಎಣಿಸಬೇಕೆಂಬುದು ಅದರ ತಾತ್ಪರ್ಯ. 2005ರ ಅಕ್ಟೋಬರ್ 20ರಂದು ಕ್ರಿಸ್ಟಲ್ ಶಿಪ್ಪಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ನಾವಿಕರಿಗೆ ನೇರವಾಗಿ ಅನ್ವಯಿಸಿತು. ರೋಗಿಯು ಕೆಲವು ವರ್ಷಗಳ ಬಳಿಕ ಗುಣಮುಖನಾದುದು ಅಲ್ಲಿ ಗಣನೆಗೆ ಬರಲಿಲ್ಲ. 120 ದಿನಗಳಿಗೂ ಮೀರಿ ತನ್ನ ಎಂದಿನ ಕೆಲಸಕ್ಕೆ ಹೋಗಲಾರದೆ ಇದ್ದನೆಂಬುದೇ ಸಾಕಾಯಿತು. ಅಸಾಮರ್ಥ್ಯವೆಂದರೆ ಅಂಗದ ನಾಶವಲ್ಲ, ಗಳಿಕೆಯ ನಾಶ ಎಂಬ ನಿಲುವು ಇದು. ಇದರಿಂದ ವೈದ್ಯನ ಮಾತಿಗಿಂತ ಪಂಚಾಂಗದ ಮಾತು ಮೇಲಾಯಿತು.

ಮೂರು ವರ್ಷಗಳು ಮುಗಿಯುವ ಮೊದಲೇ ಗಾಳಿ ಬದಲಾಯಿತು. ಸಂಹಿತೆಯ ಆ ವಾಕ್ಯಕ್ಕೆ ನಿಯಮಗಳಲ್ಲಿ ಒಂದು ಅಪವಾದವಿತ್ತು. ಚಿಕಿತ್ಸೆ ಇನ್ನೂ ಅಗತ್ಯವಾಗಿದ್ದರೆ ಅವಧಿಯನ್ನು 240 ದಿನಗಳವರೆಗೆ ಎಳೆಯಬಹುದಾಗಿತ್ತು. 2008ರ ಅಕ್ಟೋಬರ್ 6ರ ಹ್ಯಾಮೋನಿಯಾ ತೀರ್ಪು ಆ ಅಪವಾದವನ್ನು ಮುಂದಕ್ಕೆ ತಂದಿತು. ಕಂಪನಿಯ ವೈದ್ಯನು ಅವಧಿಯೊಳಗೆ ಘೋಷಿಸಿದಾಗ, ಇಲ್ಲವೆ 240 ದಿನಗಳು ಘೋಷಣೆಯಿಲ್ಲದೆ ಕಳೆದಾಗ ಮಾತ್ರ ಅಸಾಮರ್ಥ್ಯ ಶಾಶ್ವತವಾಗುವುದೆಂದಾಯಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅನಾರೋಗ್ಯ ಭತ್ಯೆಯಾಗಿ ಮೂಲವೇತನ ಸಲ್ಲುವುದು ಹೆಚ್ಚೆಂದರೆ 120 ದಿನಗಳಿಗೆ. ಹೀಗಾಗಿ ವಿಸ್ತರಿಸಿದ ಅವಧಿಯನ್ನು ರೋಗಿಯು ವೇತನವಿಲ್ಲದೆಯೇ ಕಾಯಬೇಕು. ತೀರ್ಪಿನ ತರ್ಕ ನಿರ್ದುಷ್ಟವಾಗಿದ್ದರೂ ಅದರ ಭಾರ ಬಿದ್ದದ್ದು ಬಡವನ ಮೇಲೆ ಎನ್ನದೆ ವಿಧಿಯಿಲ್ಲ.

ಹಳೆಯ ದಾವೆಗಳ ಗತಿಯೇನೆಂಬ ತೊಡಕನ್ನು 2015ರ ಜನವರಿಯಲ್ಲಿ ಬಿಡಿಸಲಾಯಿತು: ಆ ತೀರ್ಪಿನ ದಿನಕ್ಕೆ ಮುಂಚೆ ಹೂಡಿದ ದಾವೆಗಳಿಗೆ ಹಳೆಯ ಲೆಕ್ಕವೇ ಸಲ್ಲುವುದು. ಅದೇ ವರ್ಷದ ಜುಲೈ 29ರ ಎಲ್ಬರ್ಗ್ ತೀರ್ಪು, ಸಾಕಷ್ಟು ಕಾರಣವನ್ನು ಮಾಲೀಕನೇ ರುಜುವಾತುಪಡಿಸದ ಹೊರತು 120 ದಿನಗಳನ್ನು ದಾಟುವಂತಿಲ್ಲವೆಂದು ಕಟ್ಟು ಹಾಕಿತು. ಎರಡು ತೀರ್ಪುಗಳ ನಡುವಣ ಈ ರಾಜಿಯು ರುಜುವಾತಿನ ಹೊಣೆಯನ್ನು ಮಾಲೀಕನ ಕಡೆಗೆ ತಿರುಗಿಸಿದ್ದೇ ಅದರ ನಿಜವಾದ ಫಲ.

ಬಳಿಕ ವಾದವು ದಿನಗಳಿಂದ ಹಣದ ಕಡೆಗೆ ಸರಿಯಿತು. ಮೇಲ್ಮನವಿಯಲ್ಲಿ ಸೋತ ನಾವಿಕನಿಂದ, ಮೊದಲೇ ಕೊಟ್ಟ ಪರಿಹಾರವನ್ನು ಮರಳಿ ಪಡೆಯಲಾಗದೆಂಬುದು ಹಡಗಿನ ಮಾಲೀಕರ ಬಹುಕಾಲದ ದೂರು. 2024ರ ಸೆಪ್ಟೆಂಬರ್ 23ರಂದು ಅಂಕಿತ ಪಡೆದ ನಾವಿಕರ ಹಕ್ಕುಗಳ ಕಾಯಿದೆಯು ಆ ದೂರಿಗೆ ಕಿವಿಗೊಟ್ಟಿತು. ಮೇಲ್ಮನವಿ ಇತ್ಯರ್ಥವಾಗುವ ಮುನ್ನ ವಿವಾದಿತ ಮೊತ್ತವನ್ನು ಪಡೆಯಬಯಸುವ ನಾವಿಕನು ಅದಕ್ಕೆ ಭದ್ರತಾ ಮುಚ್ಚಳಿಕೆ ಒದಗಿಸಬೇಕೆಂದು ಅದು ವಿಧಿಸಿದೆ.