ತಪ್ಪು ಖಾತೆಗೆ ಹೋದ ಸಾವುಗಳು

ಲಂಡನ್ ಅಂದರೆ ಮಂಜು ಅನ್ನೋ ಕಾಲವೊಂದಿತ್ತು. ಹಾಗಾಗಿ 1952ರ ಡಿಸೆಂಬರ್ 5ರಂದು ಊರ ಮೇಲೆ ಹಳದಿ ಮಂಜು ಕವಿದಾಗ ಜನ ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. ಚಳಿ ಜೋರಾಗಿತ್ತು, ಮನೆಮನೆಯಲ್ಲೂ ಕಲ್ಲಿದ್ದಲು ಉರಿಯುತ್ತಿತ್ತು. ಮೇಲೆ ಬೆಚ್ಚಗಿನ ಗಾಳಿಯ ಪದರವೊಂದು ಮುಚ್ಚಳದ ಹಾಗೆ ಕೂತು, ಹೊಗೆಯೆಲ್ಲ ಕೆಳಗೇ ಉಳಿಯಿತು. ಬಸ್ಸುಗಳು ನಿಂತವು. ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದ ಒಳಕ್ಕೂ ಹೊಗೆ ನುಗ್ಗಿ ಆಪೆರಾ ಅರ್ಧಕ್ಕೇ ನಿಂತಿತು. 9ನೇ ತಾರೀಖು ಗಾಳಿ ಬೀಸಿದ ಮೇಲೆಯೇ ಆಕಾಶ ಕಂಡಿದ್ದು.

ಆಮೇಲೆ ಶುರುವಾಯಿತು ಲೆಕ್ಕ. ಮಾಮೂಲಿಗಿಂತ ಸುಮಾರು 4000 ಜನ ಹೆಚ್ಚು ಸತ್ತಿದ್ದರು. ವಿಚಿತ್ರ ಅಂದರೆ, ಹೊಗೆ ಹೋದ ಮೇಲೂ ತಿಂಗಳುಗಟ್ಟಲೆ ಸಾವಿನ ಸಂಖ್ಯೆ ಇಳಿಯಲೇ ಇಲ್ಲ. ಅದಕ್ಕೆ ಸರ್ಕಾರ ಕೊಟ್ಟ ಕಾರಣ ಫ್ಲೂ ಜ್ವರ. 2001ರಲ್ಲಿ ಮಿಶೆಲ್ ಬೆಲ್ ಮತ್ತು ಡೆವ್ರಾ ಡೇವಿಸ್ ಎಂಬ ಸಂಶೋಧಕಿಯರು ಹಳೇ ಅಂಕಿಅಂಶಗಳನ್ನು ಮತ್ತೆ ತೆಗೆದು ನೋಡಿದರು. ಅಷ್ಟೂ ಸಾವನ್ನು ಫ್ಲೂ ತಲೆಗೆ ಕಟ್ಟಲು ಸಾಧ್ಯವಿರಲಿಲ್ಲ. ಅವರ ಅಂದಾಜು ಸುಮಾರು 12,000. ಅಂದರೆ ಸಾವಿರಾರು ಸಾವುಗಳು ಐವತ್ತು ವರ್ಷ ತಪ್ಪು ಖಾತೆಯಲ್ಲಿದ್ದವು!

ಹೊಗೆ ಹೋದ ಮೇಲೂ ಜನ ಯಾಕೆ ಸಾಯಬೇಕು? ಇದಕ್ಕೆ ಸುಳಿವು ಸಿಕ್ಕಿದ್ದು 2003ರಲ್ಲಿ, ಎರಡು ಬೇರೆ ಬೇರೆ ಕಡೆಯಿಂದ.

ಮೊದಲನೆಯದು ಲಂಡನ್ನಿನಿಂದಲೇ. 1952ರಲ್ಲಿ ಸತ್ತ ಕೆಲವರ ಶ್ವಾಸಕೋಶದ ತುಣುಕುಗಳನ್ನು ರಾಯಲ್ ಲಂಡನ್ ಆಸ್ಪತ್ರೆಯಲ್ಲಿ ಜೋಪಾನ ಮಾಡಿಟ್ಟಿದ್ದರು. ಅವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಮಸಿಯ ಅತಿಸೂಕ್ಷ್ಮ ಕಣಗಳು, ಜೊತೆಗೆ ಸೀಸ, ಸತುವಿನಂಥ ಲೋಹಗಳು ಕಂಡವು.

ಎರಡನೆಯದು ಅಮೆರಿಕದ ಲಾಸ್ ಏಂಜಲೀಸಿನಿಂದ. ಅಲ್ಲಿ ಆಂಡ್ರೆ ನೆಲ್ ಅವರ ತಂಡ ಊರಿನ ಗಾಳಿಯಿಂದ ಹಿಡಿದ ಕಣಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ, ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಿಗೆ ಸೋಕಿಸಿತು. ಶ್ವಾಸನಾಳದ ಒಳಪದರದ ಕೋಶಗಳೂ ಅದರಲ್ಲಿದ್ದವು. ಹೆಚ್ಚು ಹಾನಿ ಮಾಡಿದ್ದು ದಪ್ಪ ಕಣಗಳಲ್ಲ, 0.1 ಮೈಕ್ರಾನಿಗಿಂತ ಚಿಕ್ಕವು. ಅವು ಸೀದಾ ಮೈಟೋಕಾಂಡ್ರಿಯದ ಒಳಗೇ ಹೋಗಿ ಕೂತಿದ್ದವು. ನಾವು ಎಳೆದುಕೊಂಡ ಆಮ್ಲಜನಕ ಕೊನೆಗೆ ಬಳಕೆಯಾಗಿ ಶಕ್ತಿಯಾಗುವುದು ಅಲ್ಲೇ. ಅದರ ಒಳಮಡಿಕೆಗಳು ಹಾಳಾಗಿದ್ದವು. ಕೋಶವನ್ನು ಕಾಯುವ ಗ್ಲುಟಾಥಯೋನ್ ಕೂಡ ಕಡಿಮೆಯಾಗಿತ್ತು.

ಲಂಡನ್ನಿನ ಜನ ಹೀಗೇ ಸತ್ತರು ಅಂತ ಇದರಿಂದ ಸಾಬೀತಾಗುವುದಿಲ್ಲ, ನಿಜ. ಆದರೆ ಹೊಗೆ ಚದುರಿದ ದಿನವೇ ಅದರ ಕೆಲಸ ಮುಗಿಯಿತು ಅಂತ ಇನ್ನು ಹೇಳುವ ಹಾಗಿಲ್ಲ.

ಬ್ರಿಟನ್ 1956ರಲ್ಲಿ ಶುದ್ಧ ಗಾಳಿಯ ಕಾಯ್ದೆ ತಂದಿತು. ಅದು ಮುಖ್ಯವಾಗಿ ತಡೆಯಹೊರಟಿದ್ದು ಕಣ್ಣಿಗೆ ಕಾಣುವ ಕಪ್ಪು ಹೊಗೆಯನ್ನು. ಈಗ ನಾವು ಪಿಎಂ 2.5 ಅಂತ ಇನ್ನೂ ಸಣ್ಣ ಕಣಗಳನ್ನು ಅಳೆಯುತ್ತೇವೆ. ವರ್ಷದ ಸರಾಸರಿ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ ಮೀರಬಾರದು ಅಂತ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ನಮ್ಮ ದೇಶ 2009ರಲ್ಲಿ ಹಾಕಿಕೊಂಡ ಮಿತಿ 40. ಆದರೆ ಇವೆಲ್ಲ ತೂಕದ ಲೆಕ್ಕ. ಮೈಟೋಕಾಂಡ್ರಿಯದಲ್ಲಿ ಸಿಕ್ಕಂಥ ಕಣಗಳು ಲಕ್ಷಗಟ್ಟಲೆ ಇದ್ದರೂ ತೂಕಕ್ಕೆ ಬರುವುದು ತೀರಾ ಕಡಿಮೆ. ಅವುಗಳಿಗೆ 2021ರ ಪಟ್ಟಿಯಲ್ಲೂ ಮಿತಿ ನಿಗದಿಯಾಗಲಿಲ್ಲ.

ನಾವು ಇವತ್ತು ಯಾವ ಸಾವುಗಳನ್ನು ಯಾವ ಖಾತೆಗೆ ಬರೆಯುತ್ತಿದ್ದೇವೋ... ನಿಮಗೇನನ್ನಿಸುತ್ತದೆ?