ಪರದೇಶಿ ಯಾರ ಪೈಕಿ?

ಬಜಪೆಯಲ್ಲಿ ವಿಮಾನ ಹತ್ತಿ ಮಿಲಾನಿಗೋ ಟುರಿನಿಗೋ ಎಂ.ಎಸ್ಸಿ. ಓದಲು ಹೋದ ಹುಡುಗನ ಬಗ್ಗೆ ಮಂಗಳೂರಿನ ನೆರೆಮನೆಯವರು ‘ಅವ ಈಗ ಫಾರಿನಿನಲ್ಲಿದ್ದಾನೆ’ ಅನ್ನುತ್ತಾರೆ. ಸ್ವಲ್ಪ ಓದಿಕೊಂಡವರು ‘ಅಬ್ರಾಡಿಗೆ ಹೋದ’ ಅಂದಾರು. ಪತ್ರಿಕೆಯವರು ಬರೆದರೆ ‘ವಿದೇಶದಲ್ಲಿ ಉನ್ನತ ವ್ಯಾಸಂಗ’ ಎಂದಾಗುತ್ತದೆ. ಆದರೆ ‘ನಿಮ್ಮ ಮಗ ಪರದೇಶಿಯಾದನಂತೆ’ ಎಂದು ಯಾರಾದರೂ ಹೇಳಿನೋಡಲಿ, ಆ ತಾಯಿ ಮತ್ತೆ ಅವರ ಮುಖ ನೋಡಲಾರಳು. ಪರದೇಶಕ್ಕೆ ಹೋದವನೇ ಪರದೇಶಿ, ವ್ಯಾಕರಣದಲ್ಲಿ ತಪ್ಪೇನೂ ಇಲ್ಲ. ತಪ್ಪಿರುವುದು ಪದ ಈವರೆಗೆ ನಡೆದುಬಂದ ದಾರಿಯನ್ನು ಮರೆತದ್ದರಲ್ಲಿ.

ಕನ್ನಡದ ಬಾಯಲ್ಲಿ ಪರದೇಶಿ ಎಂದರೆ ದಿಕ್ಕಿಲ್ಲದವನು. ‘ಅಪ್ಪ ಅಮ್ಮ ಹೋದ ಮೇಲೆ ಮಕ್ಕಳು ಪರದೇಶಿಗಳಾದವು’ ಎಂಬಲ್ಲಿ ಮಕ್ಕಳು ಊರು ಬಿಟ್ಟು ಕದಲಿಲ್ಲ, ಹುಟ್ಟಿದ ಮನೆಯ ಜಗಲಿಯಲ್ಲೇ ಕೂತಿವೆ. ‘ಪರದೇಶಿ ಹಾಗೆ ಯಾಕೆ ಕೂತಿದ್ದೀ?’ ಎಂದು ಗದರುವ ಅಜ್ಜಿಗೆ ಮೊಮ್ಮಗನ ಮಂಕು ಮುಖ ಕಂಡು ಸಂಕಟವಾಗಿದೆ. ‘ನಾವೇನು ಪರದೇಶಿಗಳಾ?’ ಎಂದು ಜಗಳದಲ್ಲಿ ಕೇಳುವವನು ತನ್ನ ಬೆನ್ನಿಗೆ ಜನ ಇದ್ದಾರೆಂದು ನೆನಪಿಸುತ್ತಿದ್ದಾನೆ. ಈ ಮೂರು ಮಾತಿನಲ್ಲೂ ದೇಶ ಎಲ್ಲೂ ಇಲ್ಲ, ಇರುವುದು ಜನ ಮಾತ್ರ. ಜನ ಇದ್ದರೆ ಊರು, ಇಲ್ಲದಿದ್ದರೆ ಅದೇ ಪರದೇಶ.

ಪದದ ಇನ್ನೊಂದು ಅರ್ಧವನ್ನು ‘ವಿದೇಶಿ’ ತೆಗೆದುಕೊಂಡು ಹೋಯಿತು. ವಿದೇಶಿ ವಿನಿಮಯ, ವಿದೇಶಿ ಬಂಡವಾಳ, ವಿದೇಶಿ ವಿಶ್ವವಿದ್ಯಾಲಯ: ಹಣ ಮತ್ತು ಗೌರವ ಇರುವ ಕಡೆಯೆಲ್ಲ ಅದೇ. ‘ಪರದೇಶಿ ಬಂಡವಾಳ’ ಎಂದು ಯಾವ ಬ್ಯಾಂಕೂ ಬರೆಯಲಾರದು. ಅಕ್ಕಪಕ್ಕದ ಭಾಷೆಗಳಲ್ಲೂ ಈ ಪದದ ಪಾಡು ಒಂದೇ ರೀತಿಯದಲ್ಲ. ಹಿಂದಿ ಸಿನಿಮಾ ಹಾಡುಗಳ ಪರದೇಸಿ ಮನಸ್ಸು ಕದ್ದು ಹೋಗುವ ಪ್ರೇಮಿ. ತಮಿಳಿನಲ್ಲಿ ಅವನು ಬೇಡಿ ತಿನ್ನುವ ಅಲೆಮಾರಿ. ಚಹಾ ತೋಟದ ಕೂಲಿಗಳ ಬವಣೆಯನ್ನು ತೋರಿಸಿದ 2013ರ ಬಾಲಾ ಅವರ ತಮಿಳು ಚಿತ್ರದ ಹೆಸರು ‘ಪರದೇಸಿ’. ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಿದ ಯೆಹೂದಿ ಆರಾಧನಾಲಯಕ್ಕೆ ಇಂದಿಗೂ ಪರದೇಸಿ ಸಿನಗಾಗ್ ಎಂದೇ ಹೆಸರು. ಹೊರಗಿನಿಂದ ಬಂದ ಯೆಹೂದಿಗಳದ್ದು ಎಂಬಷ್ಟೇ ಅರ್ಥ, ಅದರಲ್ಲಿ ಕೀಳೆಂಬ ಭಾವ ಇಲ್ಲ. ಕನ್ನಡವೋ ಈ ಪದಕ್ಕೆ ಅನಾಥನ ಮುಖ ಕೊಟ್ಟಿತು. ಅದು ಕನ್ನಡದ ಕಠೋರತೆ ಎಂದು ತೋರಬಹುದು. ಹಾಗಲ್ಲ, ಪಯಣ ಎಂದರೆ ಏನಾಗಿತ್ತು ಎಂಬುದನ್ನು ಇಷ್ಟು ಸರಿಯಾಗಿ ನೆನಪಿಟ್ಟ ಪದ ಬೇರೊಂದಿಲ್ಲ.

ಕರಾವಳಿಯಲ್ಲಿ ಪರದೇಶಕ್ಕಿಂತ ಮೊದಲು ಪರವೂರು ಬರುತ್ತದೆ. ಜಾತ್ರೆ, ಕೋಲ, ಬ್ರಹ್ಮಕಲಶದ ಆಮಂತ್ರಣ ಪತ್ರಿಕೆಗಳೆಲ್ಲ ‘ಊರ ಪರವೂರ ಹತ್ತು ಸಮಸ್ತರನ್ನು’ ಒಟ್ಟಿಗೇ ಕರೆಯುತ್ತವೆ. ಪರವೂರಿನವನು ಹೊರಗಿನವನೇ, ಆದರೆ ಕರೆಯೋಲೆಯಲ್ಲಿ ಅವನಿಗೆ ಜಾಗ ಉಂಟು. ಬಂದವನನ್ನು ಕೂರಿಸಿ ಬೆಲ್ಲ ನೀರು ಕೊಟ್ಟ ಮೇಲೆ ಹಿರಿಯರು ಕೇಳುವುದು ಎರಡೇ ಮಾತು: ‘ಊರು ಎಲ್ಲಾಯ್ತು? ಯಾರ ಪೈಕಿ?’ ಎರಡನೆಯದ್ದೇ ಮುಖ್ಯ. ಬಂಟ್ವಾಳದ ಇಂಥವರ ತಂಗಿಯ ಮಗ ಎಂದರೆ ಸಾಕು, ಮುಂದಿನ ಮಾತು ತಾನಾಗಿ ಬರುತ್ತದೆ. ‘ಯಾರ ಪೈಕಿ’ ಎಂಬುದಕ್ಕೆ ಉತ್ತರ ಇಲ್ಲದವನೇ ಪರದೇಶಿ. ಈ ಪ್ರಶ್ನೆ ಜಾತಿ ತಿಳಿಯುವ ಉಪಾಯವೂ ಹೌದು. ಅದನ್ನು ಮುಚ್ಚಿಟ್ಟು ಬರೆದರೆ ಅರ್ಧ ಸತ್ಯ ಬರೆದಂತೆ.

ಇಟಲಿಗೆ ಹೋಗಿ ಇಳಿದ ಮಂಗಳೂರಿನ ವಿದ್ಯಾರ್ಥಿಗೆ ಈ ಪ್ರಶ್ನೆ ಎದುರಾಗುವುದು ಕಾಗದದ ಮೇಲೆ. ಬಂದ ಎಂಟು ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅರ್ಜಿಯ ಲಕೋಟೆ ಸಿಗುವುದೂ ಅಂಚೆ ಕಚೇರಿಯಲ್ಲಿ, ಒಪ್ಪಿಸುವುದೂ ಅಲ್ಲೇ. ಮುಂದೆ ಬೆರಳಚ್ಚಿಗೆ ಪೊಲೀಸ್ ಕಚೇರಿಗೆ ಹೋಗಬೇಕು. ಅದಕ್ಕೂ ಮುಂಚೆ ಇನ್ನೊಂದು ಕಾಗದ ಉಂಟು. 1998ರ ವಲಸೆ ಕಾನೂನಿನ 7ನೇ ವಿಧಿಯ ಪ್ರಕಾರ ಹೊರದೇಶದವನಿಗೆ ಮನೆಯಲ್ಲಿ ಜಾಗ ಕೊಟ್ಟವರು 48 ಗಂಟೆಯೊಳಗೆ ಬರಹದಲ್ಲಿ ತಿಳಿಸಬೇಕು. ಸಂಬಂಧಿಕನಾದರೂ ಸರಿ, ಬಾಡಿಗೆಯವನಾದರೂ ಸರಿ. ಇಂಥ ಬೀದಿಯ ಇಂಥ ನಂಬರಿನ ಮನೆಯವಳಾದ ನಾನು, ಇಂಥ ಪಾಸ್‌ಪೋರ್ಟಿನ ಇಂಥವನನ್ನು, ಇಂಥ ದಿನದಿಂದ ನನ್ನ ಮನೆಯಲ್ಲಿ ಇರಿಸಿಕೊಂಡಿದ್ದೇನೆ ಎಂದು ಬರೆದು ಮನೆಯೊಡತಿ ಸಹಿ ಹಾಕುತ್ತಾಳೆ. ಅಷ್ಟಾದ ಮೇಲೆ ಹುಡುಗನಿಗೆ ಒಂದು ಪೈಕಿ ಸಿಕ್ಕಂತಾಯಿತು.

ಆ ನಮೂನೆಯ ತಲೆಬರಹದಲ್ಲಿ ಎರಡು ಪದಗಳು ಅಕ್ಕಪಕ್ಕ ಬರುತ್ತವೆ. ಒಂದು ‘ಓಸ್ಪಿತಲಿತಾ’, ಆತಿಥ್ಯ. ಇನ್ನೊಂದು ‘ಎಕ್ಸ್‌ತ್ರಾಕೊಮುನಿತಾರಿಯೊ’, ಯುರೋಪಿನ ಒಕ್ಕೂಟದ ಹೊರಗಿನವನು. ಈ ಎರಡನೆಯದು ಕಚೇರಿಯಲ್ಲಿ ಹುಟ್ಟಿದ ಪದ, ಕಾನೂನಿನ ಲೆಕ್ಕದಲ್ಲಿ ಅಮೆರಿಕದವನೂ ಜಪಾನಿನವನೂ ಅದರೊಳಗೆ ಬರುತ್ತಾರೆ. ಬೀದಿಗೆ ಇಳಿದ ಮೇಲೆ ಅದು ಬಡ ದೇಶಗಳಿಂದ ಬಂದವರಿಗೆ ಮಾತ್ರ ಅಂಟಿಕೊಂಡಿತು, ದನಿಯಲ್ಲಿ ತಾತ್ಸಾರವೂ ಸೇರಿತು. ಪರದೇಶಿ ಎಂಬ ಪದಕ್ಕೆ ನಮ್ಮಲ್ಲಿ ಆದದ್ದೇ ಅಲ್ಲೂ ಆಯಿತು. ಇಟಲಿಯವರಿಗೆ ಬೇರೆ ದೇಶದವನು ‘ಸ್ತ್ರಾನಿಯೆರೊ’, ಬೇರೆ ಊರಿನವನು ‘ಫೊರೆಸ್ತಿಯೆರೊ’. ಪರದೇಶ ಬೇರೆ, ಪರವೂರು ಬೇರೆ ಎಂಬ ಲೆಕ್ಕ ಅವರಿಗೂ ಗೊತ್ತು.

‘ಓಸ್ಪಿತೆ’ ಎಂಬ ಇನ್ನೊಂದು ಪದ ಇದಕ್ಕಿಂತ ಸೊಗಸಿನದು. ಅತಿಥಿಯೂ ಓಸ್ಪಿತೆ, ಆತಿಥೇಯನೂ ಓಸ್ಪಿತೆ. ಯಾರು ಯಾರ ಮನೆಗೆ ಬಂದರು ಎಂಬುದು ವಾಕ್ಯದ ಸುತ್ತಮುತ್ತಲಿಂದ ತಿಳಿಯಬೇಕು. ಕನ್ನಡದ ‘ನೆಂಟ’ನೂ ಇದಕ್ಕೆ ದೂರದವನಲ್ಲ. ರಕ್ತ ಸಂಬಂಧಿಯೂ ನೆಂಟ, ಮನೆಗೆ ಬಂದು ಉಂಡು ಹೋಗುವವನೂ ನೆಂಟ.

ಮನೆಯೊಳಗಿನ ಕಲಿಕೆ ಕಾಗದದಷ್ಟು ಸುಲಭದ್ದಲ್ಲ. ಇಟಾಲಿಯನ್ನಿನಲ್ಲಿ ಗೌರವಕ್ಕೆ ‘ಲೇಯಿ’, ಸಲುಗೆಗೆ ‘ತು’. ನಮ್ಮ ನೀವು, ನೀನು ಇದ್ದ ಹಾಗೆ. ಆದರೆ ಲೇಯಿಯಿಂದ ತುವಿಗೆ ಇಳಿಯೋಣ ಎಂದು ಹೇಳುವ ಹಕ್ಕು ಹಿರಿಯರದು, ಕಿರಿಯನು ತಾನಾಗಿ ಇಳಿಯುವಂತಿಲ್ಲ. ಮಂಗಳೂರಿನಲ್ಲಿ ಎದುರುಮನೆಯ ಅಮ್ಮ ಮೊದಲ ದಿನವೇ ‘ಊಟ ಆಯ್ತಾ ಮಗಾ?’ ಎಂದು ಕೇಳುತ್ತಾಳೆ. ಅಲ್ಲಿ ಬೆಳೆದ ಹುಡುಗನಿಗೆ ಸಿಞೋರಾ ಎಂದು ಕರೆಯುತ್ತ ಲೇಯಿಯಲ್ಲಿ ಮಾತಾಡುವ ಮೊದಲ ವಾರಗಳು ಉದ್ದವಾಗಿ ಕಾಣುತ್ತವೆ. ಊಟ ರಾತ್ರಿ ಎಂಟಕ್ಕೆ ಎಂದರೆ ಎಂಟಕ್ಕೇ. ಪಾಸ್ತಾ ಬೆಂದು ಬಸಿದ ಮೇಲೆ ಕಾಯುವುದಿಲ್ಲ, ತಡವಾಗಿ ಬಂದವನಿಗೆ ಮೆತ್ತಗಾದದ್ದು ಸಿಗುತ್ತದೆ. ಊಟದ ಮೇಲೆ ಹಾಲು ಹಾಕಿದ ಕಾಫಿ ಕೇಳಿದರೆ ಮನೆಯವರ ಹುಬ್ಬು ಮೇಲೇರುತ್ತದೆ. ಶಾಲಾ ವಯಸ್ಸಿನ ಮಕ್ಕಳನ್ನು ಇಟಲಿಯ ಮನೆಗಳಲ್ಲಿ ಇರಿಸುವ ‘ಇಂತೆರ್‌ಕುಲ್ತುರಾ’ ಎಂಬ ಸಂಸ್ಥೆ 1955ರಿಂದ ಕೆಲಸ ಮಾಡುತ್ತಿದೆ. ಅಲ್ಲಿ ಮನೆಯವರಿಗೆ ಕಾಸು ಕೊಡುವ ಪದ್ಧತಿ ಇಲ್ಲ. ಆ ಮಕ್ಕಳು ಅಲ್ಲಿ ಬಾಡಿಗೆದಾರರಲ್ಲ, ತಟ್ಟೆ ತೊಳೆಯುವ ಸರದಿಯಲ್ಲಿ ಅವರ ಹೆಸರೂ ಇರುತ್ತದೆ.

ವಿಶ್ವವಿದ್ಯಾಲಯ ಎಂಬ ವ್ಯವಸ್ಥೆಯೇ ಪರದೇಶಿಗಳು ಕಟ್ಟಿದ್ದು. 1088ರಲ್ಲಿ ಆರಂಭವಾಯಿತೆಂದು ಹೇಳುವ ಬೊಲೊಞಾದಲ್ಲಿ ಕಾನೂನು ಓದಲು ಆಲ್ಪ್ಸ್ ದಾಟಿ ಬಂದವರಿಗೆ ಆ ನಗರದ ಪೌರತ್ವ ಇರಲಿಲ್ಲ. ತಮ್ಮ ಊರಿನ ಯಾವನೋ ಮಾಡಿದ ಸಾಲಕ್ಕೆ ಇವರನ್ನು ಹಿಡಿದು ಕೂರಿಸಬಹುದಿತ್ತು. ಹನ್ನೆರಡನೆಯ ಶತಮಾನದ ನಡುವೆ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ ಹೊರಡಿಸಿದ ‘ಹಾಬಿತಾ’ ಎಂಬ ಶಾಸನ ಅದನ್ನು ತಡೆಯಿತು. ವಿದ್ಯೆಯ ಮೋಹಕ್ಕೆ ಮನೆ ಬಿಟ್ಟು ದೇಶಭ್ರಷ್ಟರಾದವರು ಇವರು ಎಂದು ಮರುಕದಿಂದ ಹೇಳಿ ರಕ್ಷಣೆ ಕೊಟ್ಟಿತು. ಅರಸನೊಬ್ಬನ ಆಜ್ಞೆಯಲ್ಲಿ ವಿದ್ಯಾರ್ಥಿ ಮತ್ತು ಪರದೇಶಿ ಒಂದೇ ಸಾಲಿನಲ್ಲಿ ನಿಂತದ್ದು ಹೀಗೆ. ಹೊರಗಿನಿಂದ ಬಂದ ವಿದ್ಯಾರ್ಥಿಗಳು ಒಂದೊಂದು ಸೀಮೆಯವರು ಒಂದೊಂದು ಸಂಘ ಕಟ್ಟಿಕೊಂಡರು. ಆ ಸಂಘಗಳು ಸೇರಿ ಆದ ಕೂಟಕ್ಕೆ ಇದ್ದ ‘ಉನಿವೆರ್ಸಿತಾಸ್’ ಎಂಬ ಹೆಸರೇ ಮುಂದೆ ಯೂನಿವರ್ಸಿಟಿ ಆಯಿತು. ಯಾರ ಪೈಕಿ ಎಂದು ಕೇಳಿದವರಿಗೆ ಒಂದು ಉತ್ತರ ಬೇಕಾಗಿತ್ತು, ಅದನ್ನು ಅವರೇ ಮಾಡಿಕೊಂಡರು.

ಇಟಲಿಯವರು ಪರದೇಶಿಗಳಾಗಿ ಮಂಗಳೂರಿಗೆ ಬಂದದ್ದರ ಕತೆ ಇನ್ನೂ ಹತ್ತಿರದ್ದು. ರೋಮಿನ ಶ್ರೀಮಂತ ಮನೆತನದ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಇಕ್ಕೇರಿಯಿಂದ ಇಳಿದು ಮಂಗಳೂರಿಗೆ ಬಂದ. ದಾರಿಯಲ್ಲಿ ಪರ್ಷಿಯಾದಲ್ಲಿ ತೀರಿಕೊಂಡ ಹೆಂಡತಿ ಮಾನಿಯ ಶವವನ್ನು ಕೆಡದಂತೆ ಕಾಪಿಟ್ಟು ಪೆಟ್ಟಿಗೆಯಲ್ಲಿ ಹೊತ್ತು ತಿರುಗುತ್ತಿದ್ದವನು ಅವನು. ಅವಳಿಗೆ ರೋಮಿನಲ್ಲಿ ಮಣ್ಣು ಸಿಕ್ಕಿದ್ದು 1627ರಲ್ಲಿ. ಘಟ್ಟದ ಮೇಲಿನ ಒಂದು ಊರಿನಲ್ಲಿ ಅವನು ಶಾಲೆಯನ್ನು ಕಂಡ ಬಗೆಯನ್ನು ಇಂದಿಗೂ ಶಿಕ್ಷಣದ ಇತಿಹಾಸ ಬರೆಯುವವರು ನೆನೆಯುತ್ತಾರೆ. ಗುಡಿಯ ಜಗಲಿಯಲ್ಲಿ ನಾಲ್ಕು ಹುಡುಗರು ನೆಲದ ಮೇಲೆ ಸಣ್ಣ ಮರಳು ಹರಡಿ, ಮಗ್ಗಿಯನ್ನು ರಾಗವಾಗಿ ಹಾಡುತ್ತ ಬೆರಳಿನಿಂದ ಬರೆಯುತ್ತಿದ್ದರು. ಜಾಗ ತುಂಬಿದರೆ ಅಳಿಸಿ ಮತ್ತೆ ಬರೆಯುವುದು. ಮೇಷ್ಟರಿಲ್ಲದೆ ತಪ್ಪನ್ನು ತಿದ್ದುವವರು ಯಾರು ಎಂದು ಕೇಳಿದ್ದಕ್ಕೆ, ನಾಲ್ವರೂ ಒಟ್ಟಿಗೆ ಮರೆಯುವುದುಂಟೇ ಎಂಬರ್ಥದ ಉತ್ತರ ಬಂತು.

ಉಳ್ಳಾಲದ ರಾಣಿಯನ್ನು ಅವನು ಮಣೇಲಿನಲ್ಲಿ ಕಂಡ. ಬರಿಗಾಲಲ್ಲಿ ನಡೆದು ಬರುತ್ತಿದ್ದ ರಾಣಿ ನೀರಿನ ಕಾಲುವೆ ತೋಡಿಸುವ ಕೆಲಸ ನೋಡಲು ಹೊರಟಿದ್ದಳು. ದುಭಾಷಿಯ ಮೂಲಕ ಮಾತಾಡಿಸಿ ಈ ಹೊರಗಿನವನಿಗೆ ಉಳಿಯಲು ಮನೆ ಮಾಡಿಸಿಕೊಟ್ಟಳು. ಆಮೇಲೆ ರಾಣಿಯ ಮಗನ ಆತಿಥ್ಯ. ಎಲೆಯ ಮೇಲೆ ಅನ್ನ ಬಡಿಸಿದರು. ಮನೆಯವರು ಜತೆಯಲ್ಲಿ ಕೂತು ಉಣ್ಣುವಂತಿರಲಿಲ್ಲ, ಆಚಾರ ಅಡ್ಡ ಬರುತ್ತಿತ್ತು. ಅವನು ತಾನು ತಂದಿದ್ದ ಚಮಚ, ಮುಳ್ಳುಚಮಚ ತೆಗೆದು, ಕೈಗೆ ಅಗುಳು ತಾಗಿಸದೆ ಉಂಡ. ನೋಡುತ್ತ ನಿಂತವರ ಬಾಯಿಂದ ಬಂದ ಉದ್ಗಾರವನ್ನು ಅವನು ಕೇಳಿಸಿದ ಹಾಗೆಯೇ ತನ್ನ ಕಾಗದದಲ್ಲಿ ಬರೆದಿಟ್ಟ: ‘ದೇವ್ರು, ದೇವ್ರು!’ ಮಂಗಳೂರಿನ ಜನ ಅವನನ್ನು ಒಳಗೆ ಸೇರಿಸಿಕೊಳ್ಳಲೂ ಇಲ್ಲ, ಹಸಿದು ಮಲಗಲು ಬಿಡಲೂ ಇಲ್ಲ. ಪರದೇಶಿ ಎಂಬ ಪದದ ಎರಡೂ ಅರ್ಥ ಆ ಒಂದು ಎಲೆಯ ಸುತ್ತ ಸೇರಿದ್ದವು.

ಮತ್ತೆ ಎರಡೂವರೆ ಶತಮಾನ ದಾಟಿ 1878ರ ಡಿಸೆಂಬರ್ 31ರಂದು ವೆನಿಸ್ ಪ್ರಾಂತದ ಜೆಸ್ವಿಟ್ ಪಾದ್ರಿಗಳು ಮಂಗಳೂರಿನಲ್ಲಿ ಇಳಿದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾಯಿತು, ಅದು ಈಗ ಡೀಮ್ಡ್ ವಿಶ್ವವಿದ್ಯಾಲಯ. ಆ ಪಾದ್ರಿಗಳಲ್ಲಿ ಆಂಜೆಲೊ ಮಾಫೆಯಿ ಎಂಬವರು ಕಲಿಸಲು ಬಂದವರು, ಬಂದು ಮೊದಲು ಕಲಿತರು. 1882ರಲ್ಲಿ ಕೊಂಕಣಿ ವ್ಯಾಕರಣ, 1883ರಲ್ಲಿ ಕೊಂಕಣಿ ನಿಘಂಟು. ಮುದ್ರಿಸಿದ್ದು ಬಾಸೆಲ್ ಮಿಷನ್ ಪ್ರೆಸ್. ಪ್ರೊಟೆಸ್ಟಂಟರ ಅಚ್ಚುಕೂಟದಲ್ಲಿ ಕೆಥೊಲಿಕ್ ಪಾದ್ರಿಯ ಪುಸ್ತಕ. ಅದೇ ಪ್ರೆಸ್ಸಿನಿಂದ 1894ರಲ್ಲಿ ಕಿಟ್ಟೆಲ್ ಅವರ ಕನ್ನಡ ನಿಘಂಟು ಬಂತು. ಬಂದ ಐದು ವರ್ಷದೊಳಗೆ ಒಂದು ಭಾಷೆಯ ನಿಘಂಟು ಬರೆಯಬೇಕಾದರೆ ಮಾಫೆಯಿ ಎಷ್ಟು ಮನೆಗಳ ಜಗಲಿಯಲ್ಲಿ ಕೂತು, ಎಷ್ಟು ಅಜ್ಜಿಯರನ್ನು ‘ಇದಕ್ಕೆ ಏನನ್ನುತ್ತೀರಿ’ ಎಂದು ಕೇಳಿರಬೇಕು. ಆ ಅಜ್ಜಿಯರ ಹೆಸರು ಮುಖಪುಟದಲ್ಲಿಲ್ಲ. ಹೊಸ ಭಾಷೆ ಕಲಿಯಲು ಹೋದ ಯಾವ ವಿದ್ಯಾರ್ಥಿಯ ಸರ್ಟಿಫಿಕೇಟಿನಲ್ಲೂ ಅವನ ಮನೆಯೊಡತಿಯ ಹೆಸರು ಇರುವುದಿಲ್ಲ, ಇರಬೇಕಾಗಿತ್ತು.

ಆ ಕಾಲೇಜಿನ ಚಾಪೆಲ್ಲಿನ ಗೋಡೆ, ಮಾಡುಗಳಿಗೆ 1899ರಿಂದ ಚಿತ್ರ ಬರೆದವರು ಬೆರ್ಗಮೊ ಬಳಿಯ ಸ್ತೆಜ್ಜಾನೊದ ಬ್ರದರ್ ಅಂತೋನಿಯೊ ಮೊಸ್ಕೇನಿ. ತಲೆಯೆತ್ತಿ ನೋಡಿದರೆ ಕಾಣುವುದು ಲುಯಿಜಿ ಗೊಂಜಾಗ ಎಂಬ ಯುವಕನ ಬದುಕು. ಕಾಲೇಜಿನ ಹೆಸರಿನ ಅಲೋಶಿಯಸ್ ಅವನೇ. ಜಹಗೀರು ತಮ್ಮನಿಗೆ ಬಿಟ್ಟುಕೊಟ್ಟು ರೋಮಿಗೆ ಹೋಗಿ ಓದುತ್ತಿದ್ದಾಗ ಸಾಂಕ್ರಾಮಿಕ ರೋಗ ಬಂತು. ಬೀದಿಯಲ್ಲಿ ಬಿದ್ದಿದ್ದವರನ್ನು ಹೊತ್ತು ತಂದು ಆರೈಕೆ ಮಾಡಿದ. ತಾನೂ ಅದೇ ರೋಗಕ್ಕೆ ತುತ್ತಾಗಿ 1591ರ ಜೂನ್ 21ರಂದು ತೀರಿಕೊಂಡ. ಆಗ ಅವನಿಗೆ ವಯಸ್ಸು 23. ಅವನೂ ಮನೆ ಬಿಟ್ಟ ವಿದ್ಯಾರ್ಥಿ, ಅವನು ಹೊತ್ತವರು ಕನ್ನಡದ ನೇರ ಅರ್ಥದಲ್ಲಿ ಪರದೇಶಿಗಳು. ಮೊಸ್ಕೇನಿ 1905ರಲ್ಲಿ ಕೊಚ್ಚಿಯಲ್ಲಿ ಕಣ್ಣು ಮುಚ್ಚಿದರು, ಊರಿಗೆ ಮರಳಲಿಲ್ಲ.

ಇಂದು ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯಕ್ಕೆ ಹೊರದೇಶಗಳಿಂದ ಓದಲು ಬರುವವರಿದ್ದಾರೆ. ಅವರಿಗೆ ಮನೆ ಕೊಟ್ಟವರು 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು. ಇಟಲಿಯ 48 ಗಂಟೆಗಿಂತ ನಮ್ಮದು ಬಿಗಿ. ಅಂಗಡಿಯವರು ಅವರನ್ನು ಫಾರಿನರ್ ಅನ್ನುತ್ತಾರೆ, ಕಡತದಲ್ಲಿ ಅವರು ವಿದೇಶಿ ವಿದ್ಯಾರ್ಥಿಗಳು. ಬಾಡಿಗೆ ಮನೆ ಹುಡುಕುವಾಗ ಮಾತ್ರ ಬಣ್ಣ, ಊಟ, ಧರ್ಮ ಎಲ್ಲವೂ ಮಾತಿನ ನಡುವೆ ಬರುತ್ತವೆ. ಗೇಟಿನ ಹೊರಗೆ ನಿಲ್ಲಿಸಿ ‘ಮನೆ ಖಾಲಿ ಇಲ್ಲ’ ಎಂದು ಹೇಳಿಸಿಕೊಂಡ ಹುಡುಗನಿಗೆ ಕನ್ನಡ ಬಾರದಿದ್ದರೂ ಪರದೇಶಿ ಎಂಬ ಪದದ ಅರ್ಥ ಅಲ್ಲೇ ತಿಳಿಯುತ್ತದೆ. ದೀಪಾವಳಿಗೆ ಹಾಸ್ಟೆಲಿನ ಗೆಳೆಯರೆಲ್ಲ ಊರಿಗೆ ಹೋದ ಮೇಲೆ ಕಾರಿಡಾರಿನಲ್ಲಿ ಉಳಿಯುವವರೂ ಇವರೇ. ಆ ದಿನ ಊಟಕ್ಕೆ ಬಾ ಎಂದು ಕರೆಯುವ ಮನೆಗಳು ಈ ಊರಿನಲ್ಲಿ ಉಂಟು. ಇನ್ನಷ್ಟು ಬೇಕು.