ರಘು ದೀಕ್ಷಿತ್ ಪ್ರಾಜೆಕ್ಟ್: ಪ್ರಥಮ ಧ್ವನಿಮುದ್ರಿಕೆ

ಮೈಸೂರಿನಲ್ಲಿ ಬೆಳೆದು, ಭರತನಾಟ್ಯವನ್ನು ಕ್ರಮವಾಗಿ ಅಭ್ಯಸಿಸಿ, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದ ರಘು ದೀಕ್ಷಿತರು (ಜನನ 1974), ನೃತ್ಯ ಕಲಿಯುವ ಗಂಡಸೆಂದು ಹಂಗಿಸಿದ ಸಹಪಾಠಿಯೊಡನೆ ಪಂಥ ಕಟ್ಟಿ ಗಿಟಾರನ್ನು ಕೈಗೆತ್ತಿಕೊಂಡು, ಮೊದಲು 'ಅಂತರಾಗ್ನಿ' ಎಂಬ ವಾದ್ಯವೃಂದವನ್ನು ನಡೆಸಿ, ಅದು ಚದುರಿದ ಬಳಿಕ ರೂಪಿಸಿದ ತಂಡವೇ ರಘು ದೀಕ್ಷಿತ್ ಪ್ರಾಜೆಕ್ಟ್. ಇದರ ಪ್ರಥಮ ಧ್ವನಿಮುದ್ರಿಕೆಯು 2008ರಲ್ಲಿ, ಹಿಂದಿ ಚಿತ್ರಸಂಗೀತ ನಿರ್ದೇಶಕರಾದ ವಿಶಾಲ್-ಶೇಖರರ ಸಂಸ್ಥೆಯಿಂದ ಪ್ರಕಟವಾಯಿತು.

ಹಿಂದಿ, ಇಂಗ್ಲಿಷ್ ಗೀತೆಗಳ ನಡುವೆ ಈ ಮುದ್ರಿಕೆಯಲ್ಲಿ ಶಿಶುನಾಳ ಶರೀಫರ (1819–1889) ಎರಡು ತತ್ತ್ವಪದಗಳು ಸೇರಿವೆ: ಒಂದು ಗುಡುಗುಡಿಯ ರೂಪಕದ್ದು, ಮತ್ತೊಂದು ಸೋರುವ ಮಾಳಿಗೆಯದು. ಸಿ. ಅಶ್ವಥ್ ಅವರ ಕಂಠದಿಂದ ಅದಾಗಲೇ ಮನೆಮನೆಯನ್ನು ಮುಟ್ಟಿದ್ದ ಶರೀಫರನ್ನು ಗಿಟಾರು-ಡ್ರಮ್ಮುಗಳ ರಭಸಕ್ಕೆ ಒಡ್ಡುವುದು ಅಪಾಯದ ಕೆಲಸವೇ ಆಗಿದ್ದರೂ, ಪದದ ಒಕ್ಕಣೆಯನ್ನು ಮುಕ್ಕು ಮಾಡದೆ ಹಾಡಿದುದರಿಂದ, ಕನ್ನಡವನ್ನರಿಯದ ಸಭೆಗಳೂ ಅದನ್ನು ಕಿವಿಗೊಟ್ಟು ಕೇಳಿದುವು. 2010ರಲ್ಲಿ ತಂಡವು ಬ್ರಿಟನ್ನಿನ ಜೂಲ್ಸ್ ಹಾಲಂಡರ ದೂರದರ್ಶನ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿತು. ಮರುವರ್ಷ 'ಸಾಂಗ್‌ಲೈನ್ಸ್' ಪತ್ರಿಕೆಯ ಶ್ರೇಷ್ಠ ನವಾಗತ ಪ್ರಶಸ್ತಿ ಲಭಿಸಿತು. 

ಕ್ಯೂಬಾ ಮೂಲದ ಕೋಂಗಾ ವಾದ್ಯವನ್ನು ವಿದ್ಯುತ್ ಗಿಟಾರಿನೊಡನೆ ಸಮಪಂಕ್ತಿಯಲ್ಲಿ ಕೂಡಿಸಿದ ಸಂಟಾನಾ ತಂಡದ ಪ್ರಥಮ ಮುದ್ರಿಕೆಯನ್ನು (1969) ದೇಸಿ ಪದವನ್ನು ಗಿಟಾರಿನೊಡನೆ ಬೆಸೆಯುವ ಈ ಯತ್ನಕ್ಕೆ ಪೂರ್ವನಿದರ್ಶನವೆಂದು ಹೇಳಬಹುದು. ಆದರೆ ಅಷ್ಟು ದೂರ ಹೋಗಬೇಕಾದುದಿಲ್ಲ. ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲಿನ ಟಿ. ಚೌಡಯ್ಯನವರು (1895–1967), ಧ್ವನಿವರ್ಧಕವಿಲ್ಲದ ಸಭೆಯಲ್ಲಿ ಕೊನೆಯ ಸಾಲಿನವನಿಗೂ ನಾದವು ತಲುಪಬೇಕೆಂದು, ನಾಲ್ಕು ತಂತಿಯ ಪಿಟೀಲಿಗೆ ಮತ್ತೆ ಮೂರನ್ನು ಬಿಗಿದು ಏಳಾಗಿಸಿದವರು. ಪರದೇಶದ ವಾದ್ಯವನ್ನು ತನ್ನ ಮಾತಿಗೆ ಬಗ್ಗಿಸಿಕೊಳ್ಳುವ ದಿಟ್ಟತನವು ಈ ಸೀಮೆಗೆ ಹೊಸತಲ್ಲ.

ಸೋಜಿಗವೇನೆಂದರೆ, ಮೈಸೂರಿನ ಈ ಗಾಯಕನು ಮೊದಲ ಮುದ್ರಿಕೆಗೆ ಆರಿಸಿಕೊಂಡುದು ಉತ್ತರದ ಶರೀಫರನ್ನೇ ಹೊರತು ನೆರೆಯ ನಂಜನಗೂಡು, ನರಸೀಪುರ ಸೀಮೆಯಲ್ಲಿ ಕಂಸಾಳೆ ಹಿಡಿದು ಮಹದೇಶ್ವರನನ್ನು ಹಾಡುವ ದೇವರಗುಡ್ಡರ ಪದವನ್ನಲ್ಲ. ಮಹದೇಶ್ವರನನ್ನು ಕೂಗಿ ಕರೆಯುವ ರಘು ಅವರ ಗೀತೆಯು ಅದೇ 2008ರಲ್ಲಿ 'ಸೈಕೋ' ಚಿತ್ರಕ್ಕಾಗಿ ಬೇರೆಯಾಗಿ ಬಂದಿತು, ಮತ್ತು ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಮುದ್ರಿಕೆಗಿಂತಲೂ ಆ ಒಂದು ಹಾಡೇ ಹೆಚ್ಚು ಬಳಕೆಯಾಯಿತೆಂದು ಈ ಲೇಖಕನ ಅಭಿಪ್ರಾಯ. ದೇವರಗುಡ್ಡರ ಕಂಸಾಳೆಯಾದರೋ ಕಂಚಿನ ಜೋಡಿ: ಎಡಗೈಯಲ್ಲಿ ಬಟ್ಟಲಿನಂಥದು, ಬಲಗೈಯಲ್ಲಿ ದಾರಕ್ಕೆ ಪೋಣಿಸಿದ ಚಪ್ಪಟೆಯ ತಾಳ. ಬೀಸು ಕಂಸಾಳೆಯಲ್ಲಿ ಆ ತಾಳವು ತಲೆಯ ಮೇಲೆ, ಬೆನ್ನ ಹಿಂದೆ, ಮೊಣಕಾಲ ಕೆಳಗೆ ಸುತ್ತಿ ಬಂದು, ಲಯ ತಪ್ಪದೆ ಬಟ್ಟಲಿಗೆ ಬಡಿಯುವುದು.